ಶಾಲೆ ಮುಚ್ಚಿದ ದಿನಗಳಲ್ಲಿ ಮಕ್ಕಳೊಂದಿಗೆ ನಂಟು ಉಳಿಸಿಕೊಳ್ಳುವುದು ಹೇಗೆ: ಕರಾವಳಿಯ ಹೆತ್ತವರು, ಶಿಕ್ಷಕರು ಪದೇ ಪದೇ ಕೇಳುವ ಪ್ರಶ್ನೆಗಳು

2020ರ ಮಾರ್ಚ್‌ನಲ್ಲಿ ಮುಚ್ಚಿದ ಶಾಲೆಯ ಬಾಗಿಲು ನಮ್ಮ ರಾಜ್ಯದ ಒಂದರಿಂದ ಐದನೆಯ ತರಗತಿಯ ಮಕ್ಕಳಿಗೆ ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ರಂದು. ಆ ಹತ್ತೊಂಬತ್ತು ತಿಂಗಳು ನಾನು ಮಲ್ಪೆ ಬದಿಯ ಶಾಲೆಯೊಂದರಲ್ಲಿ ಶಿಕ್ಷಕಿಯಾಗಿದ್ದೆ. ಈಗ ಹೆಬ್ರಿ ತಾಲೂಕಿನಲ್ಲಿ, ಘಟ್ಟದ ಬುಡದ ಶಾಲೆಯೊಂದರಲ್ಲಿದ್ದೇನೆ. ಕೋವಿಡ್‌ನ ಕಾಲ ಮುಗಿದರೂ ಶಾಲೆ ಮುಚ್ಚುವ ದಿನಗಳು ಮುಗಿದಿಲ್ಲ. ಮಳೆಗಾಲದಲ್ಲಿ ರೆಡ್ ಅಲರ್ಟ್ ಬಂದಾಗಲೆಲ್ಲ ಉಡುಪಿ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳಲ್ಲಿ ರಜೆ ಸಾರುತ್ತಾರೆ, ಹೊಳೆ ಉಕ್ಕಿದಾಗ ಮತ್ತು ಗುಡ್ಡ ಜರಿದಾಗ ಕೆಲವು ಊರಿನ ಮಕ್ಕಳು ಉಳಿದವರಿಗಿಂತ ಹೆಚ್ಚು ದಿನ ಮನೆಯಲ್ಲೇ ಉಳಿಯುತ್ತಾರೆ. ಆದ್ದರಿಂದ ಹೆತ್ತವರ ಸಭೆಗಳಲ್ಲಿ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಗಳಲ್ಲಿ, ಶಿಕ್ಷಕರ ಸಮಾಲೋಚನಾ ಸಭೆಗಳಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನು ಒಟ್ಟುಮಾಡಿ, ನನಗೆ ಅನುಭವದಿಂದ ತಿಳಿದ ಮಟ್ಟಿಗೆ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ಶಾಲೆ ದೀರ್ಘಕಾಲ ಮುಚ್ಚಿದರೆ ಮೊದಲು ಮಾಡಬೇಕಾದ ಕೆಲಸ ಯಾವುದು? ಪಾಠವನ್ನು ಕೂಡಲೇ ಆನ್‌ಲೈನಿಗೆ ತರುವುದೇ?

ಪಾಠಕ್ಕೆ ಒಂದು ವಾರ ತಡವಾದರೆ ಅದನ್ನು ತುಂಬಿಕೊಳ್ಳಬಹುದು. ಮೊದಲ ವಾರದಲ್ಲಿ ಆಗಲೇಬೇಕಾದ ಕೆಲಸವೆಂದರೆ ಪ್ರತಿ ಮಗುವೂ ಎಲ್ಲಿದೆ, ಯಾರ ಜೊತೆಗಿದೆ, ಅದರ ಮನೆಯನ್ನು ಮುಟ್ಟುವ ದಾರಿ ಯಾವುದು ಎಂಬುದನ್ನು ಶಾಲೆ ತಿಳಿದುಕೊಳ್ಳುವುದು. 2020ರಲ್ಲಿ ನಾವು ಈ ಕ್ರಮವನ್ನು ತಪ್ಪಿದೆವು. ಮೊದಲು ವಿಡಿಯೋ ತರಗತಿ ಆರಂಭಿಸಿ, ಬಂದವರನ್ನು ಎಣಿಸಿ, ಬಾರದವರು ನಾಳೆ ಬಂದಾರು ಎಂದು ಕಾದೆವು. ನನ್ನ ತರಗತಿಯ ಹಾಜರಿ ಪುಸ್ತಕದಲ್ಲಿದ್ದ ಆರು ಮಕ್ಕಳ ಫೋನ್ ಸಂಖ್ಯೆಗಳು ಹಳೆಯವಾಗಿದ್ದವು ಎಂಬುದು ನನಗೆ ಗೊತ್ತಾಗುವ ಹೊತ್ತಿಗೆ ಒಂದೂವರೆ ತಿಂಗಳು ಕಳೆದಿತ್ತು, ಆ ಆರರಲ್ಲಿ ಇಬ್ಬರ ಕುಟುಂಬಗಳು ಬಾಡಿಗೆ ಕೋಣೆ ಬಿಟ್ಟು ಊರಿಗೆ ಹೋಗಿಯಾಗಿತ್ತು.

ಈಗ ನಾವು ಪ್ರತಿ ವರ್ಷ ಜೂನ್ ಮೊದಲ ವಾರದಲ್ಲೇ ಒಂದು ದಪ್ಪ ನೋಟ್ ಪುಸ್ತಕದಲ್ಲಿ ಮಗುವಿಗೊಂದು ಪುಟ ಬರೆದಿಡುತ್ತೇವೆ. ಅದರಲ್ಲಿ ಮನೆಯವರ ಎರಡು ಸಂಖ್ಯೆಗಳ ಜೊತೆಗೆ, ಆ ಮನೆಗೆ ಹೋಗಿ ಬರುವ ನೆರೆಮನೆಯವರದೋ ಅಂಗಡಿಯವರದೋ ಒಂದು ಸಂಖ್ಯೆ ಇರಬೇಕು. ಫೋನ್ ಯಾವ ಹೊತ್ತಿಗೆ ಮನೆಯಲ್ಲಿರುತ್ತದೆ, ಮನೆಯಲ್ಲಿ ಯಾವ ಭಾಷೆ ಆಡುತ್ತಾರೆ, ಮಳೆಯಲ್ಲಿ ದಾಟಬೇಕಾದ ಕಾಲುಸಂಕ ಇದೆಯೇ ಎಂಬುದೂ ಇರಬೇಕು. ಪುಸ್ತಕವೇ ಏಕೆ ಎಂದರೆ ಕರೆಂಟಿಲ್ಲದ ದಿನವೂ ಅದನ್ನು ತೆರೆದು ನೋಡಬಹುದು.

ಪ್ರಶ್ನೆ: ಶಿಕ್ಷಕರು ಮನೆಗೆ ಕರೆ ಮಾಡಿದಾಗ ಏನು ಮಾತನಾಡಬೇಕು? ‘ಹೋಂವರ್ಕ್ ಆಯಿತೇ’ ಎಂದು ಕೇಳಿದರೆ ಸಾಲದೇ?

ಸಾಲದು. ಅದೊಂದನ್ನೇ ಕೇಳುತ್ತಿದ್ದರೆ ಮೂರನೆಯ ವಾರಕ್ಕೆ ಮಗು ಫೋನ್ ಎತ್ತಲು ಹಿಂಜರಿಯುತ್ತದೆ. ವಾರಕ್ಕೊಮ್ಮೆ, ಸಾಧ್ಯವಾದಷ್ಟು ಒಂದೇ ದಿನ ಮತ್ತು ಒಂದೇ ಹೊತ್ತಿಗೆ, ಆರೇಳು ನಿಮಿಷದ ಕರೆ ಸಾಕು. ಮೊದಲ ಮಾತು ಮಗುವಿನ ಜೊತೆಗೇ ಆಗಲಿ. ‘ನಿಮ್ಮ ಹಿತ್ತಲಿನ ತೊರೆಯಲ್ಲಿ ನೀರು ಎಷ್ಟು ಬಂತು?’, ‘ಅಜ್ಜಿಯ ಕಾಲುನೋವು ಕಡಿಮೆಯಾಯಿತೇ?’ ಎಂದು ಕೇಳಿದರೆ ತನ್ನನ್ನು ಬಲ್ಲವರು ಮಾತನಾಡುತ್ತಿದ್ದಾರೆ ಎಂದು ಮಗುವಿಗೆ ತಿಳಿಯುತ್ತದೆ. ಪಾಠದ ಮಾತು ಆಮೇಲೆ ತಾನಾಗಿ ಬರುತ್ತದೆ. ಕೊನೆಯಲ್ಲಿ ಹೆತ್ತವರೊಂದಿಗೆ ಎರಡು ಮಾತನಾಡಿ, ಕೇಳಿದ್ದನ್ನು ಮಗುವಿನ ಪುಟದಲ್ಲಿ ಒಂದು ಸಾಲು ಬರೆದಿಟ್ಟರೆ ಮುಂದಿನ ವಾರ ಅಲ್ಲಿಂದಲೇ ಮುಂದುವರಿಸಬಹುದು.

ಮೀನುಗಾರ ಕುಟುಂಬಗಳ ವಿಷಯದಲ್ಲಿ ಒಂದು ಅನುಕೂಲವನ್ನು ನಾನು ಮಲ್ಪೆಯಲ್ಲಿ ಕಂಡುಕೊಂಡೆ. ಯಾಂತ್ರೀಕೃತ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ಕಡಲಿಗಿಳಿಯಲು ನಿಷೇಧವಿರುತ್ತದೆ. ಉಳಿದ ತಿಂಗಳುಗಳಲ್ಲಿ ವಾರಗಟ್ಟಲೆ ಆಳಸಮುದ್ರದಲ್ಲಿರುವ ತಂದೆಯಂದಿರು ಆ ದಿನಗಳಲ್ಲಿ ದಡದಲ್ಲಿರುತ್ತಾರೆ. ಶಾಲೆಯ ಕಡೆ ಎಂದೂ ಬಾರದ ತಂದೆಯೊಬ್ಬರು ಜುಲೈನ ಒಂದು ಕರೆಯಲ್ಲಿ ಮಗಳ ಓದಿನ ಬಗ್ಗೆ ಅರ್ಧ ಗಂಟೆ ವಿಚಾರಿಸಿದ್ದು ನನಗೆ ನೆನಪಿದೆ.

ಪ್ರಶ್ನೆ: ನಮ್ಮ ಮನೆಯಲ್ಲಿ ರೇಂಜ್ ಸಿಗುವುದಿಲ್ಲ. ನಮ್ಮ ಮಕ್ಕಳು ಹಿಂದೆ ಬೀಳಬೇಕೇ?

ಖಂಡಿತ ಬೀಳಬಾರದು, ಮತ್ತು ರೇಂಜ್ ಹುಡುಕುವ ಹೊರೆಯನ್ನು ಮಗುವಿನ ಮೇಲೆ ಹಾಕಬಾರದು. 2021ರ ಮಳೆಗಾಲದಲ್ಲಿ ಸುಳ್ಯ ತಾಲೂಕಿನ ಹಳ್ಳಿಯೊಂದರಲ್ಲಿ ರಸ್ತೆಬದಿಯಲ್ಲಿ ಕುಳಿತು ತರಗತಿ ಕೇಳುತ್ತಿದ್ದ ಮಗಳಿಗೆ ತಂದೆ ಕೊಡೆ ಹಿಡಿದು ನಿಂತ ಚಿತ್ರ ನಾಡಿನಾದ್ಯಂತ ಪ್ರಕಟವಾಯಿತು. ಆ ತಂದೆಯ ಪ್ರೀತಿಯನ್ನು ಎಲ್ಲರೂ ಕೊಂಡಾಡಿದರು. ನಾನೂ ಕೈಮುಗಿದೆ, ಆದರೆ ಒಬ್ಬ ಶಿಕ್ಷಕಿಯಾಗಿ ಆ ಚಿತ್ರವನ್ನು ನೋಡಿದಾಗ, ಮಗು ಮಳೆಯಲ್ಲಿ ಗುಡ್ಡ ಹತ್ತುವ ಬದಲು ಪಾಠವೇ ಆ ಮನೆಯ ಜಗಲಿಗೆ ಇಳಿಯುವಂತೆ ನಾವು ಏರ್ಪಾಡು ಮಾಡಬೇಕಿತ್ತು ಎಂದು ಬಹಳ ದಿನ ಮನಸ್ಸಿಗೆ ಚುಚ್ಚುತ್ತಿತ್ತು.

ಹೆಬ್ರಿ, ಬೈಂದೂರು, ಬೆಳ್ತಂಗಡಿ, ಸುಳ್ಯದ ಘಟ್ಟದ ಬುಡದ ಊರುಗಳಲ್ಲಿ ಮನೆಗಳು ತೋಟದ ನಡುವೆ ದೂರ ದೂರ ಇರುತ್ತವೆ, ಸುತ್ತ ಗುಡ್ಡವಿದ್ದರೆ ಟವರಿನ ಸಿಗ್ನಲ್ ತಗ್ಗಿಗೆ ತಲುಪುವುದಿಲ್ಲ, ಕರೆಂಟ್ ಹೋಗಿ ಟವರಿನ ಬ್ಯಾಟರಿಯೂ ಮುಗಿದರೆ ಇದ್ದ ರೇಂಜ್ ಕೂಡ ಹೋಗುತ್ತದೆ. ಇಂಥ ಕಡೆ ಕಾಗದವೇ ನಂಬಿಕೆಯ ದಾರಿ. ನಮ್ಮ ಶಾಲೆಯಲ್ಲಿ ವಾರದ ಅಭ್ಯಾಸ ಹಾಳೆಗಳನ್ನು ಹೆಸರು ಬರೆದ ಪ್ಲಾಸ್ಟಿಕ್ ತೊಟ್ಟೆಗಳಲ್ಲಿ ಹಾಕಿ ಹಾಲಿನ ಸೊಸೈಟಿಯಲ್ಲಿ ಇಡುತ್ತೇವೆ. ಬೆಳಿಗ್ಗೆಯೋ ಸಂಜೆಯೋ ಹಾಲು ಹಾಕಲು ಬಹುತೇಕ ಮನೆಗಳಿಂದ ಒಬ್ಬರಾದರೂ ಬಂದೇ ಬರುತ್ತಾರೆ, ಹಾಲಿಲ್ಲದ ಮನೆಯ ತೊಟ್ಟೆಯನ್ನು ನೆರೆಯವರು ಒಯ್ಯುತ್ತಾರೆ. ಮುಂದಿನ ವಾರ ಬರೆದ ಹಾಳೆ ಅದೇ ದಾರಿಯಲ್ಲಿ ಮರಳುತ್ತದೆ. ತಿದ್ದಿದ ಹಾಳೆಯ ಅಂಚಿನಲ್ಲಿ ಶಿಕ್ಷಕರ ಕೈಬರಹದ ಎರಡು ಸಾಲು ಇರಲೇಬೇಕು ಎಂಬುದು ನಮ್ಮ ನಿಯಮ, ಏಕೆಂದರೆ ಬರೀ ಸರಿ ಗುರುತು ಹಾಕಿದ ಹಾಳೆಯನ್ನು ಮಕ್ಕಳು ಮಡಚಿಟ್ಟು ಮರೆಯುತ್ತಾರೆ, ತಮಗೆಂದೇ ಬರೆದ ಎರಡು ಸಾಲನ್ನು ಮನೆಯವರಿಗೆಲ್ಲ ಓದಿ ಹೇಳುತ್ತಾರೆ.

ದಾರಿ ಸುರಕ್ಷಿತವಾಗಿರುವ ದಿನಗಳಲ್ಲಿ ಶಿಕ್ಷಕರೇ ಮಕ್ಕಳಿರುವಲ್ಲಿಗೆ ಹೋಗುವುದು ಎಲ್ಲಕ್ಕಿಂತ ಮೇಲು. 2020ರ ಆಗಸ್ಟ್‌ನಲ್ಲಿ ರಾಜ್ಯ ಸರಕಾರ ಆರಂಭಿಸಿದ ವಿದ್ಯಾಗಮದಲ್ಲಿ ನಾವು ಮಾಡಿದ್ದು ಅದನ್ನೇ. ವಾಸದ ಜಾಗಕ್ಕೆ ತಕ್ಕಂತೆ ಮಕ್ಕಳ ಸಣ್ಣ ಗುಂಪು ಮಾಡಿ, ಭಜನಾ ಮಂದಿರದ ಜಗಲಿಯಲ್ಲೋ ಯಾರದ್ದಾದರೂ ಮನೆಯ ಅಂಗಳದಲ್ಲೋ ಕೂರಿಸಿ ಕಲಿಸಿದೆವು. ಸೋಂಕಿನ ಆತಂಕದಿಂದ ಅಕ್ಟೋಬರ್‌ನಲ್ಲಿ ಅದು ನಿಂತಿತು, 2021ರ ಜನವರಿಯಲ್ಲಿ ಮತ್ತೆ ಶುರುವಾಯಿತು. ಅದರ ಕುಂದುಕೊರತೆಗಳೇನೇ ಇರಲಿ, ಮಕ್ಕಳ ಮುಖ ನೋಡಿ ಪಾಠ ಮಾಡಿದ ಆ ಕೆಲವೇ ವಾರಗಳು ಉಳಿದ ತಿಂಗಳುಗಳಿಗಿಂತ ಹೆಚ್ಚು ಕೆಲಸ ಮಾಡಿದವು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಪ್ರಶ್ನೆ: ಮನೆಯಲ್ಲಿ ಒಂದೇ ಸ್ಮಾರ್ಟ್‌ಫೋನ್, ಮೂವರು ಮಕ್ಕಳು. ಯಾರಿಗೆ ಕೊಡುವುದು?

ಈ ತೀರ್ಮಾನವನ್ನು ಮನೆಯವರ ಮೇಲೆ ಬಿಟ್ಟರೆ ಸಾಮಾನ್ಯವಾಗಿ ಎಸ್‌ಎಸ್‌ಎಲ್‌ಸಿಯಲ್ಲಿರುವ ಮಗುವಿಗೆ ಮೊದಲು, ಗಂಡುಮಗುವಿಗೆ ಆಮೇಲೆ, ಕೊನೆಗೆ ಐದನೆಯದೋ ಆರನೆಯದೋ ಓದುವ ಹುಡುಗಿಗೆ ಸಿಗುತ್ತದೆ, ಇಲ್ಲವೇ ಸಿಗುವುದೇ ಇಲ್ಲ. ಆದ್ದರಿಂದ ಶಾಲೆಯೇ ಪಾಠದ ರೂಪವನ್ನು ಬದಲಿಸಬೇಕು. ನಿಗದಿತ ಗಂಟೆಗೆ ಎಲ್ಲರೂ ಹಾಜರಾಗಬೇಕಾದ ವಿಡಿಯೋ ತರಗತಿ ಒಂದೇ ಫೋನಿನ ಮನೆಗೆ ಹೊಂದುವುದಿಲ್ಲ. ಶಿಕ್ಷಕರು ಐದು ನಿಮಿಷದ ಧ್ವನಿ ಸಂದೇಶದಲ್ಲಿ ಪಾಠದ ಒಂದು ಭಾಗವನ್ನು ವಿವರಿಸಿ, ಪುಸ್ತಕದ ಯಾವ ಪುಟ ನೋಡಬೇಕೆಂದು ಹೇಳಿದರೆ, ಅಪ್ಪ ಕೆಲಸದಿಂದ ಫೋನ್ ತಂದ ಮೇಲೆ ರಾತ್ರಿ ಏಳಕ್ಕೂ ಅದನ್ನು ಕೇಳಬಹುದು. ಖರ್ಚಿನ ವ್ಯತ್ಯಾಸವೂ ದೊಡ್ಡದು: ಅಂಥ ಧ್ವನಿ ಸಂದೇಶಕ್ಕೆ ಸುಮಾರು ಒಂದು ಎಂಬಿ ಡಾಟಾ ಸಾಕಾದರೆ, ಗಂಟೆಯೊಂದರ ವಿಡಿಯೋ ತರಗತಿಗೆ ಅರ್ಧ ಜಿಬಿಗೂ ಮೀರಿ ಬೇಕಾಗಬಹುದು. ಕೀಪ್ಯಾಡ್ ಫೋನ್ ಮಾತ್ರ ಇರುವ ಮನೆಗಳಿಗೆ ಕಾನ್ಫರೆನ್ಸ್ ಕರೆ ಉಪಯುಕ್ತ. ನಾಲ್ಕೈದು ಮಕ್ಕಳನ್ನು ಒಟ್ಟಿಗೆ ಸೇರಿಸಿ ಮಗ್ಗಿ ಹೇಳಿಸಬಹುದು, ಪದ್ಯ ಓದಿಸಬಹುದು. ತಮ್ಮ ಗೆಳತಿಯರ ದನಿ ಕೇಳಿದ ಸಂತೋಷವೇ ಮಕ್ಕಳಿಗೆ ಅರ್ಧ ಪಾಠ.

ಪ್ರಶ್ನೆ: ತರಗತಿಯ ವಾಟ್ಸ್‌ಆ್ಯಪ್ ಗುಂಪು ಇದ್ದರೆ ಎಲ್ಲರಿಗೂ ವಿಷಯ ತಲುಪಿದಂತೆ ಅಲ್ಲವೇ?

ತಲುಪಿದಂತೆ ಕಾಣುತ್ತದೆ, ಅಷ್ಟೆ. ಶುಭೋದಯದ ಚಿತ್ರಗಳ ನಡುವೆ ಸೂಚನೆ ಮುಳುಗಿಹೋಗುತ್ತದೆ, ರೀಚಾರ್ಜ್ ಮುಗಿದವರಿಗೆ ಬರುವುದೇ ಇಲ್ಲ. ಸೂಚನೆಗಳಿಗೆ ಶಿಕ್ಷಕರು ಮಾತ್ರ ಬರೆಯಬಲ್ಲ ಗುಂಪೊಂದು, ಮಾತುಕತೆಗೆ ಇನ್ನೊಂದು ಇರಲಿ. ಬ್ರಾಡ್‌ಕಾಸ್ಟ್ ಪಟ್ಟಿ ಬಳಸುವವರು ನೆನಪಿಡಬೇಕಾದದ್ದು, ನಿಮ್ಮ ಸಂಖ್ಯೆಯನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಆ ಸಂದೇಶ ಹೋಗುತ್ತದೆ. ಮಗುವಿನ ತಪ್ಪು, ಬಾಕಿ ಇರುವ ಶುಲ್ಕ, ಮನೆಯ ಕಷ್ಟ ಇವನ್ನು ಗುಂಪಿನಲ್ಲಿ ಎಂದೂ ಬರೆಯಬಾರದು.

ಪ್ರಶ್ನೆ: ಸಣ್ಣ ಮಕ್ಕಳನ್ನು ಎಷ್ಟು ಹೊತ್ತು ಪರದೆಯ ಮುಂದೆ ಕೂರಿಸಬಹುದು?

2020ರ ಜುಲೈಯಲ್ಲಿ ಕೇಂದ್ರ ಸರಕಾರ ಹೊರಡಿಸಿದ ಪ್ರಜ್ಞಾತಾ ಮಾರ್ಗಸೂಚಿಯ ಪ್ರಕಾರ ಪೂರ್ವ ಪ್ರಾಥಮಿಕದವರಿಗೆ ದಿನಕ್ಕೆ 30 ನಿಮಿಷ ಮೀರಬಾರದು, ಒಂದರಿಂದ ಎಂಟನೆಯ ತರಗತಿಗೆ 30ರಿಂದ 45 ನಿಮಿಷದ ಎರಡು ಅವಧಿ, ಒಂಬತ್ತರಿಂದ ಹನ್ನೆರಡಕ್ಕೆ ಅಷ್ಟೇ ಉದ್ದದ ನಾಲ್ಕು ಅವಧಿ ಮೀರಬಾರದು. ನಲಿಕಲಿ ತರಗತಿಯ, ಅಂದರೆ ಒಂದರಿಂದ ಮೂರನೆಯ ತರಗತಿಯ, ಮಕ್ಕಳಿಗೆ ನಾನು ಅದರಲ್ಲೂ ಅರ್ಧವನ್ನೇ ಬಳಸುತ್ತೇನೆ.

ಪ್ರಶ್ನೆ: ನಾನು ಬೀಡಿ ಕಟ್ಟುವವಳು, ಹೆಚ್ಚು ಓದಿದವಳಲ್ಲ. ಮನೆಯಲ್ಲಿ ನಾವು ಆಡುವುದು ತುಳು. ಮಗುವಿಗೆ ನಾನು ಏನು ಕಲಿಸಬಲ್ಲೆ?

ಈ ಪ್ರಶ್ನೆಯನ್ನು ತಾಯಂದಿರು ತಲೆ ತಗ್ಗಿಸಿ ಕೇಳುತ್ತಾರೆ. ದಯವಿಟ್ಟು ಹಾಗೆ ಕೇಳಬೇಡಿ. ಶಾಲೆ ನಿಮ್ಮಿಂದ ವ್ಯಾಕರಣವನ್ನಾಗಲಿ ಬೀಜಗಣಿತವನ್ನಾಗಲಿ ನಿರೀಕ್ಷಿಸುವುದಿಲ್ಲ. ದಿನಕ್ಕೆ ಒಂದು ನಿಗದಿತ ಹೊತ್ತು, ಸಂಜೆ ದೀಪ ಹಚ್ಚಿದ ಮೇಲೆ ಎಂದಿಟ್ಟುಕೊಳ್ಳಿ, ಮಗು ಪುಸ್ತಕ ಹಿಡಿದು ಕೂರುವಂತೆ ನೋಡಿಕೊಂಡು, ಓದಿದ್ದನ್ನು ನಿಮಗೆ ಹೇಳಲು ತಿಳಿಸಿ. ಕನ್ನಡದಲ್ಲಿ ಓದಿದ ಪಾಠವನ್ನು ತುಳುವಿನಲ್ಲೋ ಕೊಂಕಣಿಯಲ್ಲೋ ಬ್ಯಾರಿಯಲ್ಲೋ ಕುಂದಗನ್ನಡದಲ್ಲೋ ನಿಮಗೆ ವಿವರಿಸಬೇಕಾದರೆ ಮಗುವಿಗೆ ಅದು ಅರ್ಥವಾಗಿರಲೇಬೇಕು. ತರಗತಿಯಲ್ಲಿ ನಾವು ಎಷ್ಟು ಪ್ರಶ್ನೆ ಕೇಳಿದರೂ ಇಷ್ಟು ಒಳ್ಳೆಯ ಪರೀಕ್ಷೆ ಆಗುವುದಿಲ್ಲ. ಅಜ್ಜಿಗೆ ಗೊತ್ತಿರುವ ಕಥೆ, ಪಾಡ್ದನದ ನಾಲ್ಕು ಸಾಲು, ಆಟಿ ತಿಂಗಳಲ್ಲಿ ತಿನ್ನುವ ಸೊಪ್ಪುಗಳ ಹೆಸರು ಇವನ್ನು ಮಗು ಕೇಳಿ ಬರೆದುಕೊಂಡು ಬಂದರೆ ಅದೂ ಪಾಠವೇ.

ಒಂದು ಮಾತನ್ನು ಮಾತ್ರ ಕಟ್ಟುನಿಟ್ಟಾಗಿ ಹೇಳುತ್ತೇನೆ. ಶಾಲೆ ಮುಚ್ಚಿದ ದಿನಗಳಲ್ಲಿ ಬೀಡಿಯ ಮೊರ ಮೆಲ್ಲಗೆ ಮಕ್ಕಳ ಮಡಿಲಿಗೂ ಬರುತ್ತದೆ. ಮೊದಲು ಎಲೆ ಕತ್ತರಿಸುವುದು, ಆಮೇಲೆ ನೂಲು ಸುತ್ತುವುದು. ಹಣದ ಅಡಚಣೆ ಎಷ್ಟಿದ್ದರೂ ತಂಬಾಕನ್ನು ಮಗುವಿನ ಕೈಗೆ ಕೊಡಬೇಡಿ. ಅಂಥ ಅಡಚಣೆ ಬಂದರೆ ಶಿಕ್ಷಕರಿಗೋ ಎಸ್‌ಡಿಎಂಸಿಯವರಿಗೋ ಗುಟ್ಟಾಗಿ ತಿಳಿಸಿ.

ಪ್ರಶ್ನೆ: ಹೊರಜಿಲ್ಲೆಗಳಿಂದ ಕೆಲಸಕ್ಕೆ ಬಂದವರ ಮಕ್ಕಳು ಊರಿಗೆ ಮರಳಿದರೆ ಶಾಲೆಯ ಜವಾಬ್ದಾರಿ ಮುಗಿಯಿತೇ?

ಮಂಗಳೂರು, ಮಲ್ಪೆ, ಮಣಿಪಾಲದ ಸುತ್ತಲಿನ ಶಾಲೆಗಳಲ್ಲಿ ಬಾಗಲಕೋಟೆ, ಕೊಪ್ಪಳ, ಗದಗ, ವಿಜಯಪುರ ಕಡೆಯ ಮಕ್ಕಳು ಬಹಳ ಮಂದಿ ಇದ್ದಾರೆ. ಕಟ್ಟಡದ ಕೆಲಸ, ಬಂದರಿನ ಕೆಲಸ ನಿಂತ ಕೂಡಲೇ ಆ ಕುಟುಂಬಗಳು ಹೊರಡುತ್ತವೆ. ಮಗು ಅಲ್ಲಿನ ಶಾಲೆಗೆ ಸೇರುವವರೆಗೆ ಅದು ನಮ್ಮದೇ ಮಗು ಎಂದು ತಿಳಿಯಬೇಕು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 6ರಿಂದ 14 ವರ್ಷದ ಮಗುವಿಗೆ ಸರಕಾರಿ ಶಾಲೆ ಬದಲಿಸುವ ಹಕ್ಕಿದೆ, ವರ್ಗಾವಣೆ ಪತ್ರ ತಡವಾಯಿತೆಂಬ ಕಾರಣಕ್ಕೆ ದಾಖಲಾತಿ ನಿರಾಕರಿಸುವಂತಿಲ್ಲ. ಇದನ್ನು ಹೆತ್ತವರಿಗೆ ಹೊರಡುವ ಮೊದಲೇ ತಿಳಿಸಿ, ಅಲ್ಲಿನ ಮುಖ್ಯ ಶಿಕ್ಷಕರ ಜೊತೆ ಒಮ್ಮೆ ಮಾತನಾಡಿದರೆ ಮಗು ನಡುದಾರಿಯಲ್ಲಿ ಕಳೆದುಹೋಗುವುದಿಲ್ಲ. ನನ್ನ ತರಗತಿಯಿಂದ ಹೋದ ಆ ಇಬ್ಬರಲ್ಲಿ ಒಬ್ಬ ಹುಡುಗನನ್ನು ಹುಡುಕಿ ಮಾತನಾಡಿಸಲು ಸಾಧ್ಯವಾಯಿತು, ಇನ್ನೊಬ್ಬಳ ಸುದ್ದಿ ಇಂದಿಗೂ ಸಿಕ್ಕಿಲ್ಲ.

ಪ್ರಶ್ನೆ: ಶಾಲೆ ಇಲ್ಲದಿದ್ದರೆ ಬಿಸಿಯೂಟದ ಗತಿ ಏನು?

ಕೋವಿಡ್ ಕಾಲದಲ್ಲಿ ಅಕ್ಷರ ದಾಸೋಹದ ಅಕ್ಕಿ ಮತ್ತು ಬೇಳೆಯನ್ನು ಮಕ್ಕಳ ಮನೆಯವರಿಗೆ ವಿತರಿಸಲಾಯಿತು. ವಿತರಣೆಯ ದಿನ ಮನೆಯವರು ಶಾಲೆಗೆ ಬರುತ್ತಾರೆ, ಆದ್ದರಿಂದ ಪುಸ್ತಕ, ಅಭ್ಯಾಸ ಹಾಳೆ ಕೊಡಲು ಮತ್ತು ಮಗುವಿನ ಕ್ಷೇಮ ವಿಚಾರಿಸಲು ಅದಕ್ಕಿಂತ ಒಳ್ಳೆಯ ದಿನವಿಲ್ಲ. ಮಳೆಯ ರಜೆ ಕೆಲವೇ ದಿನಗಳದ್ದಾದರೂ ಮಧ್ಯಾಹ್ನದ ಊಟಕ್ಕೆ ಶಾಲೆಯನ್ನೇ ನೆಚ್ಚಿದ ಮನೆಗಳು ಯಾವುವೆಂದು ಅಡುಗೆಯ ಅಕ್ಕಂದಿರಿಗೆ ನಮಗಿಂತ ಚೆನ್ನಾಗಿ ಗೊತ್ತಿರುತ್ತದೆ. ಅವರನ್ನು ಕೇಳಿ.

ಪ್ರಶ್ನೆ: ಮಗು ಮಂಕಾಗಿದೆ, ಮಾತು ಕಡಿಮೆಯಾಗಿದೆ. ಇದು ಬರೀ ಬೇಸರವೇ, ಇನ್ನೇನಾದರೂ ಇರಬಹುದೇ?

ಒಂದೆರಡು ದಿನದ ಬೇಸರ ಸಹಜ. ನಿದ್ದೆ, ಊಟ, ಆಟ ಮೂರೂ ಎರಡು ವಾರ ಕಳೆದರೂ ಹದಕ್ಕೆ ಬಾರದಿದ್ದರೆ, ಮೊದಲು ಇಷ್ಟಪಡುತ್ತಿದ್ದ ಕೆಲಸವನ್ನೇ ಬಿಟ್ಟಿದ್ದರೆ, ಯಾರದ್ದಾದರೂ ಹತ್ತಿರ ಹೋಗಲು ಹೆದರುತ್ತಿದ್ದರೆ, ತಡಮಾಡಬಾರದು. 2020ರ ಸೆಪ್ಟೆಂಬರ್ 20ರಂದು ಉಡುಪಿಯಲ್ಲಿ ನೆರೆ ಬಂದಾಗ ಶಾಲೆಗಳು ಮುಚ್ಚಿಯೇ ಇದ್ದವು. ರಾತ್ರೋರಾತ್ರಿ ಮನೆಯೊಳಗೆ ನೀರು ನುಗ್ಗಿದ್ದನ್ನು ಕಂಡ ಮಕ್ಕಳಿಗೆ ಮರುದಿನ ಅದನ್ನು ಹೇಳಿಕೊಳ್ಳಲು ಗೆಳೆಯರಿರಲಿಲ್ಲ, ಟೀಚರ್ ಇರಲಿಲ್ಲ. ಒಬ್ಬ ಹುಡುಗ ತಿಂಗಳ ಬಳಿಕ ಫೋನಿನಲ್ಲಿ ನನಗೆ ಹೇಳಿದ ಮೊದಲ ಮಾತು, ತನ್ನ ಪುಸ್ತಕದ ಚೀಲ ನೀರಲ್ಲಿ ಹೋದದ್ದಕ್ಕೆ ನಾನು ಬೈಯುತ್ತೇನೋ ಎಂಬ ಭಯದ ಬಗ್ಗೆ. ಅಷ್ಟು ದಿನ ಆ ಭಯವನ್ನು ಅವನು ಒಬ್ಬನೇ ಹೊತ್ತಿದ್ದ.

ಮನಸ್ಸಿನ ತೊಂದರೆಗೆ ಟೆಲಿ ಮಾನಸ್ ಎಂಬ ಉಚಿತ ಸಹಾಯವಾಣಿ 14416ರಲ್ಲಿ ಹಗಲೂ ರಾತ್ರಿಯೂ ಸಿಗುತ್ತದೆ, ಕನ್ನಡದಲ್ಲಿ ಮಾತನಾಡಬಹುದು. ಮಗುವಿಗೆ ಹೊಡೆತ, ದೌರ್ಜನ್ಯ, ಬಾಲ್ಯವಿವಾಹ, ದುಡಿಮೆಯ ಅಪಾಯ ಕಂಡರೆ ಮಕ್ಕಳ ಸಹಾಯವಾಣಿ 1098ಕ್ಕೆ ಮಗುವೇ ಆಗಲಿ ನೆರೆಯವರೇ ಆಗಲಿ ಕರೆ ಮಾಡಬಹುದು. ಈ ಎರಡು ಸಂಖ್ಯೆಗಳನ್ನು ಅಭ್ಯಾಸ ಹಾಳೆಯ ಪ್ರತಿ ಪುಟದ ಕೆಳಗೆ ಅಚ್ಚು ಹಾಕಿಸುವುದಕ್ಕೆ ಬೇರೆ ಖರ್ಚೇನೂ ಇಲ್ಲ.

ಪ್ರಶ್ನೆ: ಫೋನ್ ಕೊಟ್ಟ ಮೇಲೆ ಮಕ್ಕಳ ಸುರಕ್ಷತೆಯ ಬಗ್ಗೆ ಏನು ಗಮನಿಸಬೇಕು?

ಫೋನನ್ನು ಜಗಲಿಯಲ್ಲೋ ಅಡುಗೆಮನೆಯ ಹತ್ತಿರವೋ ಬಳಸಲಿ, ಕೋಣೆಯ ಬಾಗಿಲು ಹಾಕಿಕೊಂಡು ಬೇಡ. ಒಟಿಪಿಯನ್ನು ಯಾರಿಗೂ ಹೇಳಬಾರದೆಂದು ಮಗುವಿಗೂ ಕಲಿಸಿ. ಹಣ ಹೋಯಿತೆಂದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಪ್ರಶ್ನೆ: ವಿಶೇಷ ಅಗತ್ಯವುಳ್ಳ ಮಕ್ಕಳಿಗೆ ದೂರದಿಂದ ಕಲಿಸುವುದು ಸಾಧ್ಯವೇ?

ಕಷ್ಟ, ಮತ್ತು ಹೆತ್ತವರೊಬ್ಬರ ಮೇಲೆಯೇ ಎಲ್ಲ ಬೀಳುತ್ತದೆ. ತಾಲೂಕಿನ ಬಿಐಇಆರ್‌ಟಿ, ಅಂದರೆ ವಿಶೇಷ ಅಗತ್ಯವುಳ್ಳ ಮಕ್ಕಳಿಗಾಗಿ ಇರುವ ಸಂಪನ್ಮೂಲ ಶಿಕ್ಷಕರ, ಸಂಖ್ಯೆ ನಿಮ್ಮಲ್ಲಿರಲಿ. ಮನೆಗೆ ಬಂದು ಕಲಿಸುವ ವ್ಯವಸ್ಥೆ ಅವರ ಮೂಲಕ ಆಗುತ್ತದೆ. ಕಿವಿ ಕೇಳದ ಮಗುವಿಗೆ ಧ್ವನಿ ಸಂದೇಶ ಕಳುಹಿಸುವಂಥ ತಪ್ಪನ್ನು ಅವಸರದಲ್ಲಿ ನಾವು ಮಾಡಿದ್ದುಂಟು. ಮಗುವಿನ ಪುಟದಲ್ಲಿ ಯಾವ ರೂಪದ ಪಾಠ ಎಂದು ಕೆಂಪು ಶಾಯಿಯಲ್ಲಿ ಬರೆದಿಟ್ಟರೆ ಅದು ತಪ್ಪುತ್ತದೆ.

ಪ್ರಶ್ನೆ: ಟಿವಿ, ರೇಡಿಯೊ ಪಾಠಗಳಿಂದ ಪ್ರಯೋಜನವಾಗುತ್ತದೆಯೇ?

2020ರಲ್ಲಿ ದೂರದರ್ಶನ ಚಂದನದಲ್ಲಿ ಬಂದ ಸಂವೇದ ಪಾಠಗಳಿಗೆ ಡಾಟಾ ಬೇಕಿರಲಿಲ್ಲ, ಅದು ಬಡಮನೆಗಳಿಗೆ ದೊಡ್ಡ ಅನುಕೂಲ. ಕರೆಂಟ್ ಹೋದರೆ ಬ್ಯಾಟರಿಯ ರೇಡಿಯೊ ಆಗುತ್ತದೆ. ನಮ್ಮಲ್ಲಿ ಮಂಗಳೂರು ಆಕಾಶವಾಣಿ ಇದೆ, ಮಂಗಳೂರಿನಲ್ಲಿ ರೇಡಿಯೊ ಸಾರಂಗ್, ಮಣಿಪಾಲದಲ್ಲಿ ರೇಡಿಯೊ ಮಣಿಪಾಲ್ ಎಂಬ ಸಮುದಾಯ ಬಾನುಲಿಗಳಿವೆ. ಮಕ್ಕಳ ಕಥೆ, ಹಾಡುಗಳನ್ನು ಅವುಗಳಲ್ಲಿ ಪ್ರಸಾರ ಮಾಡಿಸಲು ಶಾಲೆಗಳು ಕೇಳಿಕೊಳ್ಳಬಹುದು. ಮಗುವಿನ ದನಿ ರೇಡಿಯೊದಲ್ಲಿ ಬಂದಾಗ ಇಡೀ ವಠಾರ ಕೇಳುತ್ತದೆ. ಇನ್ನು ಗುಂಪಿನಲ್ಲಿ ಹಾಡುವ ಭಜನೆ, ಯಕ್ಷಗಾನದ ಹೆಜ್ಜೆ ಇವನ್ನು ವಿಡಿಯೋ ಕರೆಯಲ್ಲಿ ಒಟ್ಟಿಗೆ ಮಾಡಿಸಲು ಹೋಗಬೇಡಿ. ದನಿ ಒಬ್ಬರಿಂದ ಒಬ್ಬರಿಗೆ ತಡವಾಗಿ ತಲುಪುವುದರಿಂದ ತಾಳ ಕೂಡುವುದಿಲ್ಲ. ಒಬ್ಬರು ಹಾಡಿ ಕಳುಹಿಸಿ, ಉಳಿದವರು ಅದಕ್ಕೆ ಮನೆಯಲ್ಲಿ ಹೆಜ್ಜೆ ಹಾಕಲಿ.

ಪ್ರಶ್ನೆ: ಶಿಕ್ಷಕರನ್ನು ನೋಡಿಕೊಳ್ಳುವವರು ಯಾರು?

ಈ ಪ್ರಶ್ನೆಯನ್ನು ಹೆತ್ತವರೊಬ್ಬರು ಕೇಳಿದಾಗ ನನಗೆ ಕಣ್ಣು ತುಂಬಿತು. ರಾತ್ರಿ ಹತ್ತರ ಬಳಿಕದ ಕರೆ ತುರ್ತಾಗಿದ್ದರೆ ಮಾತ್ರ ಎಂಬ ಒಪ್ಪಂದ ಇರಲಿ. ಒಬ್ಬ ಶಿಕ್ಷಕರ ಪಾಲಿಗೆ ಹದಿನೈದಿಪ್ಪತ್ತು ಮನೆಗಳಿಗಿಂತ ಹೆಚ್ಚು ಬರದಂತೆ ಅಂಗನವಾಡಿ ಕಾರ್ಯಕರ್ತೆಯರನ್ನೂ ಕೂಡಿಸಿಕೊಂಡು ಕರೆಯ ಪಟ್ಟಿ ಹಂಚಿಕೊಳ್ಳಿ. ಕೋವಿಡ್ ಕಾಲದಲ್ಲಿ ಅನೇಕ ಖಾಸಗಿ ಶಾಲೆಗಳ ಶಿಕ್ಷಕರಿಗೂ ಅತಿಥಿ ಶಿಕ್ಷಕರಿಗೂ ತಿಂಗಳುಗಟ್ಟಲೆ ಸಂಬಳವಿರಲಿಲ್ಲ. ಮಕ್ಕಳ ಮನೆಗೆ ದಿನಸಿ ಕಿಟ್ ಹಂಚುವ ಪಟ್ಟಿಯಲ್ಲಿ ಅವರ ಹೆಸರೂ ಇರಬೇಕು, ಸದ್ದಿಲ್ಲದೆ ತಲುಪಬೇಕು.

ಪ್ರಶ್ನೆ: ಮುಂಬೈಯಲ್ಲಿ, ಗಲ್ಫ್‌ನಲ್ಲಿ ಇರುವ ಹಳೆ ವಿದ್ಯಾರ್ಥಿಗಳು ಹೇಗೆ ನೆರವಾಗಬಹುದು?

ಟ್ಯಾಬ್‌ಗಳನ್ನು ಕೊಟ್ಟು ಫೋಟೊ ತೆಗೆಸಿಕೊಳ್ಳುವುದಕ್ಕಿಂತ ಹತ್ತು ಮನೆಗಳ ರೀಚಾರ್ಜನ್ನು ವರ್ಷವಿಡೀ ಹೊರುವುದು, ಅಭ್ಯಾಸ ಹಾಳೆಗೆ ಬೇಕಾದ ಕಾಗದ ಮತ್ತು ಝೆರಾಕ್ಸ್‌ನ ಖರ್ಚು ಕೊಡುವುದು, ಶಾಲೆಗೊಂದು ಇನ್‌ವರ್ಟರ್ ಹಾಕಿಸುವುದು ಹೆಚ್ಚು ಉಪಕಾರಿ. ಹಣವಿಲ್ಲದವರು ವಾರಕ್ಕೊಂದು ಗಂಟೆ ಕೊಡಬಹುದು: ಎಂಟನೆಯ ತರಗತಿಯ ಇಬ್ಬರು ಮಕ್ಕಳಿಗೆ ಫೋನಿನಲ್ಲಿ ಇಂಗ್ಲಿಷ್ ಓದಿಸಲು ಶಾಲೆಯ ಮೂಲಕ, ಹೆತ್ತವರ ಒಪ್ಪಿಗೆ ಪಡೆದು, ಮನೆಯವರ ಎದುರಿನಲ್ಲಿ ಮಾತನಾಡಲಿ.

ಪ್ರಶ್ನೆ: ಶಾಲೆ ಮತ್ತೆ ತೆರೆದ ದಿನ ಏನು ಮಾಡಬೇಕು?

ಮೊದಲ ವಾರ ಪರೀಕ್ಷೆ ಬೇಡ, ಬಾಕಿ ಪಾಠದ ಲೆಕ್ಕವೂ ಬೇಡ. 2021ರ ಅಕ್ಟೋಬರ್‌ನಲ್ಲಿ ಮೂರನೆಯ ತರಗತಿಗೆ ಬಂದು ಕುಳಿತ ಮಕ್ಕಳು ಒಂದನೆಯದನ್ನು ಪೂರ್ತಿ ಮುಗಿಸಿರಲಿಲ್ಲ, ಎರಡನೆಯ ತರಗತಿಯ ಕೋಣೆಯನ್ನು ನೋಡಿರಲೇ ಇಲ್ಲ. ಪೆನ್ಸಿಲ್ ಹಿಡಿಯುವುದನ್ನು, ಸಾಲಿನಲ್ಲಿ ಕೈತೊಳೆಯುವುದನ್ನು, ಪಕ್ಕದವರ ಜೊತೆ ಜಗಳವಾಡಿ ರಾಜಿಯಾಗುವುದನ್ನು ಅವರು ಹೊಸದಾಗಿ ಕಲಿಯಬೇಕಾಯಿತು. 2022-23ನೇ ಸಾಲನ್ನು ಇಲಾಖೆ ಕಲಿಕಾ ಚೇತರಿಕೆಯ ವರ್ಷವೆಂದು ಇಟ್ಟುಕೊಂಡದ್ದು ಇದೇ ಕಾರಣಕ್ಕೆ. ಬಾಗಿಲು ತೆರೆದ ದಿನ ಆ ದಪ್ಪ ನೋಟ್ ಪುಸ್ತಕವನ್ನು ಮೇಜಿನ ಮೇಲೆ ತೆರೆದಿಟ್ಟು, ಬಂದ ಮಗುವಿನ ಪುಟಕ್ಕೆ ಗುರುತು ಹಾಕುತ್ತಾ ಹೋಗಿ. ಸಂಜೆಯ ಹೊತ್ತಿಗೆ ಗುರುತಿಲ್ಲದೆ ಉಳಿದ ಪುಟಗಳ ಮನೆಗಳಿಗೆ ಅದೇ ದಿನ, ಕತ್ತಲಾಗುವ ಮೊದಲು, ಇಬ್ಬರು ಶಿಕ್ಷಕರು ಹೋಗಿ ಬರಬೇಕು.